ಅಜ್ಜನ ಗಾಡಿಯ ಮುಂದಿನ ಗ್ಲಾಸು

ಮಕ್ಕಳೇ, ಯಾವ ವಸ್ತು ಕೈಗೆ ಬಂದರೂ ನಿಮ್ಮ ಅಜ್ಜ ಮೊದಲು ಅದನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಿದ್ದರು. ಕಲ್ಲಂಗಡಿ, ಬಕೆಟ್ಟು, ಬಾಗಿಲು, ನೀವು ತಂದು ತೋರಿಸಿದ ಆಟಿಕೆ, ಎಲ್ಲಕ್ಕೂ ಅದೇ ಪರೀಕ್ಷೆ. "ದನಿ ಕೇಳಿದ್ರ ಗುಣಾ ತಿಳೀತದ" ಎನ್ನುವರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು. ಮನೆಯಲ್ಲಿ ಏನು ಕೆಟ್ಟರೂ ಹೊರಗಿನವರಿಗೆ ಮುಟ್ಟಗೊಡುತ್ತಿರಲಿಲ್ಲ.

ಕೊನೆಯ ವರ್ಷ ಅವರ ಎದೆಯೇ ಕೆಟ್ಟಿತು. ನಾಲ್ಕು ಮೆಟ್ಟಿಲಿಗೇ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಎದೆಗೆ ಗಾಳಿ ಬಡಿಯಬಾರದು, ಗಾಡಿ ಬಿಟ್ಟುಬಿಡಿ ಎಂದರು ಡಾಕ್ಟರು. ಆದರೆ ಪ್ರತಿ ಭಾನುವಾರ ನನ್ನನ್ನು ಮೋಟರ್ ಸೈಕಲ್ ಹಿಂದೆ ಕೂರಿಸಿಕೊಂಡು ಘಾಟ್ಕೋಪರ್‌ನಿಂದ ಪಾರ್ಲೆಗೆ, ಮಗಳ ಮನೆಗೆ, ನಿಮ್ಮನ್ನು ನೋಡಲು ಬರುವುದೇ ಅವರಿಗೆ ಹಬ್ಬ.

"ರಿಕ್ಷಾದಾಗ ಹೋಗೋಣ್ರಿ" ಎಂದೆ.

"ರಿಕ್ಷಾದಾಗಿಂದ ಇಳಿದ್ರ ರೋಗಿ ಬಂದ ಅಂತಾವ ಮಕ್ಕಳು. ಗಾಡಿ ಮ್ಯಾಲಿಂದ ಇಳಿದ್ರ ಅಜ್ಜ ಬಂದ ಅಂತಾವ."

ಮರುದಿನವೇ ಬೋರ್ಡು ಮಾಡುವ ಅಂಗಡಿಯಿಂದ ಗಾಜಿನಂಥ ದಪ್ಪ ಪ್ಲಾಸ್ಟಿಕ್ ಹಾಳೆ ಎರಡು ತಂದರು. ಗಾಡಿಯ ಮುಂದೆ ಗ್ಲಾಸು ಕೂರಿಸಿದರೆ ಗಾಳಿ ಎದೆಗೆ ಬಡಿಯುವುದಿಲ್ಲ ಎಂಬುದು ಅವರ ಯೋಚನೆ. ಬಾಗಿಸಲೆಂದು ಮೊದಲನೆಯದನ್ನು ನೇರ ಉರಿಗೇ ಹಿಡಿದರು. ಹಾಳೆಯ ಮೈತುಂಬ ಗುಳ್ಳೆ ಎದ್ದವು. ನಾನು ನಕ್ಕುಬಿಟ್ಟೆ.

"ಏ, ನಗಬ್ಯಾಡ. ದಿನಾ ಬೆಂಕಿ ಮುಂದ ನಿಂದ್ರಾಕಿ ನೀನು. ಯಾವಾಗ ಎತ್ತಬೇಕು, ಹೇಳು."

"ಅದೇನು ರೊಟ್ಟಿ ಏನ್ರಿ?"

"ರೊಟ್ಟೀನ ಅನ್ಕೋ."

ಎರಡನೆಯದಕ್ಕೆ ಉರಿ ಸಣ್ಣ ಮಾಡಿ ನಡುವೆ ರೊಟ್ಟಿ ಬೇಯಿಸುವ ಹಂಚು ಇಟ್ಟೆ. ಅವರು ಇಕ್ಕಳದಲ್ಲಿ ಹಾಳೆ ಹಿಡಿದು ಅದರ ಮೇಲೆ ಆಡಿಸಿದರು. ರೊಟ್ಟಿಗೆ ಹಿಡಿದಂತೆ ನಾನು ಮೇಲೆ ಅಂಗೈ ಹಿಡಿದು ಕಾವು ನೋಡುತ್ತಿದ್ದೆ. ಅಂಚು ಜೋಲತೊಡಗಿದ್ದೇ "ಎತ್ರಿ" ಎಂದೆ. ನೀರಿನ ಸ್ಟೀಲ್ ಡ್ರಮ್ಮಿಗೆ ಕಂಬಳಿ ಸುತ್ತಿ, ಅದರ ಮೇಲೆ ಇಬ್ಬರೂ ಒತ್ತಿ ಹಿಡಿದೆವು. ಚಂದವಾಗಿ ಬಾಗಿತು. ಆರಿದ ಮೇಲೆ ಬಡಿದು ದನಿ ಕೇಳಿದರು.

"ನಿನ್ನಂಥಾ ಫಿಟರ್ ನಮ್ಮ ಕಾರ್ಖಾನ್ಯಾಗೂ ಇರಲಿಲ್ಲ."

ಅವರು ನನ್ನನ್ನು ಎದುರಿಗೇ ಹೊಗಳಿದ್ದು ಅದೊಂದೇ ಸಲ. ಆ ಖುಷಿಯಲ್ಲಿ, ಗಾಡಿ ಬೇಡವೆಂದು ಹೇಳಬೇಕಾದ ಮಾತು ನನ್ನ ಬಾಯಲ್ಲೇ ಉಳಿಯಿತು.

ಆ ಗ್ಲಾಸನ್ನು ಗಾಡಿಯ ಮುಂದೆ ಕೂರಿಸಿಕೊಂಡು ಏಳೆಂಟು ಭಾನುವಾರ ಬಂದೆವು. ಗಾಳಿಯನ್ನೇನೋ ಗ್ಲಾಸು ತಡೆಯಿತು. ಉಸಿರು ಮಾತ್ರ ವಾರದಿಂದ ವಾರಕ್ಕೆ ಸಣ್ಣದಾಯಿತು. ಗಾಡಿ ಓಡಿಸುತ್ತೀರಾ ಎಂದು ಡಾಕ್ಟರು ಕೇಳಿದಾಗ ಇಲ್ಲ ಎಂದರು. ನಾನು ನೆಲ ನೋಡುತ್ತ ನಿಂತೆ.

ಕೊನೆಯ ಭಾನುವಾರ ನೀವು ಬಾಗಿಲಲ್ಲೇ ಜಗಳ ತೆಗೆದಿರಿ: "ಅಜ್ಜಾ, ಇಷ್ಟು ಲೇಟ್ ಕ್ಯೂಂ?"

"ಸಿಗ್ನಲ್ ರೀ ಸಾಹೇಬ್ರ, ಎಲ್ಲಾ ಕೆಂಪು!" ಎಂದು ನಕ್ಕು ನಿಮ್ಮನ್ನು ಅಪ್ಪಿಕೊಂಡರು. ಅದಾಗಿ ಮೂರನೆಯ ದಿನ ಹೋಗಿಬಿಟ್ಟರು.

ಅವತ್ತು ದಾರಿಯಲ್ಲಿ ನಮಗೆ ತಡವಾಗಿರಲಿಲ್ಲ, ಮಕ್ಕಳೇ. ನಿಮ್ಮ ಬಿಲ್ಡಿಂಗ್ ಕೆಳಗೆ ಅರ್ಧ ಗಂಟೆ ಗಾಡಿಯ ಮೇಲೇ ಮುಖ ಬಿಳಿಚಿ, ತಲೆ ತಗ್ಗಿಸಿ ಕೂತಿದ್ದರು. "ಮಗಳನ್ನ ಕರೀಲೇನ್ರಿ?" ಎಂದೆ.

"ಬ್ಯಾಡ. ಮಾರಿ ಸ್ವಲ್ಪ ಸರಿ ಆಗ್ಲಿ, ಹೋಗೂಣು."

ನಾನು ಬೆನ್ನು ಸವರುತ್ತ ನಿಂತೆ. ಕರೆಯಲಿಲ್ಲ.