ಗಡಿಯಾರವಿಲ್ಲದ ಕೋಣೆ

ಭಾರತಿ ಮೇಡಂ ಅವರ ಕೋಣೆಯ ಗೋಡೆಯಲ್ಲಿ ಗಡಿಯಾರಕ್ಕೆಂದು ಹೊಡೆದ ಮೊಳೆ ಇತ್ತು, ಗಡಿಯಾರ ಇರಲಿಲ್ಲ. ಅದನ್ನು ಅವರೇ ತೆಗೆದು ಮೇಜಿನ ಡ್ರಾಯರಿನಲ್ಲಿ ಬೋರಲು ಮಲಗಿಸಿದ್ದರು. ಕೈಯಲ್ಲೂ ವಾಚಿಲ್ಲ. ಒಳಗೆ ಬಂದವರ ಮೊಬೈಲುಗಳು ಒಂದು ಬಿಸ್ಕತ್ತಿನ ಡಬ್ಬಿಗೆ ಹೋಗುತ್ತಿದ್ದವು. ನಿಮಿಷಕ್ಕಾಗಿ ಬಡಿದಾಡುವ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್ ನಾನು. ಆ ಖಾಲಿ ಮೊಳೆ ನೋಡಿಯೇ ನನಗೆ ಮೈ ಉರಿಯಿತು.

ಸಂತೆಕಟ್ಟೆಯ ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಕೋಣೆ. ಮೇಡಂ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದವರು. ಮಕ್ಕಳಿಗೆ ಯಾವ ಓದು ಹಿಡಿಸುತ್ತದೆಂದು ಪರೀಕ್ಷೆ ಮಾಡಿ ಹೇಳುವುದು, ಇಂಥವನು ಇಂಥ ಕೆಲಸಕ್ಕೆ ಆಗುತ್ತಾನೋ ಇಲ್ಲವೋ ಎಂದು ಕೆಲಸ ಕೊಡುವವರಿಗೆ ಬರೆದುಕೊಡುವುದು ಅವರ ಕಸುಬು. ಅವರು ಗದರಿದ್ದನ್ನು ಯಾರೂ ಕೇಳಿಲ್ಲ. ಆದರೂ ಎದುರು ಕೂತವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ನಾನು ಹೋದ ದಿನ ಒಬ್ಬ ತಂದೆ ಮಗಳನ್ನು ಕರೆತಂದಿದ್ದರು. ಹುಡುಗಿಗೆ ಕೇಳಿದ್ದಕ್ಕೆಲ್ಲ ಅಪ್ಪನೇ ಉತ್ತರ ಕೊಡುತ್ತಿದ್ದರು. ಮೇಡಂ ಇನ್ನೊಂದು ಪ್ರಶ್ನೆಪತ್ರಿಕೆ ತೆಗೆದು ಅವರ ಮುಂದಿಟ್ಟರು. “ನೀವೂ ಬರೆಯಿರಿ. ಕಾಲೇಜಿಗೆ ಹೋಗುವುದು ನೀವೇ ಅಲ್ವಾ?” ಆ ಮನುಷ್ಯ ತಮ್ಮ ಕುರ್ಚಿಯನ್ನು ಮಗಳ ಹಿಂದಕ್ಕೆ ಎಳೆದುಕೊಂಡರು. ನಾನು ಒಳಗೊಳಗೇ ನಕ್ಕೆ. ನನ್ನ ಸರದಿ ಬರಲಿಕ್ಕಿತ್ತು.

ನನಗೆ ಬೇಕಾಗಿದ್ದದ್ದು ಒಂದು ಶಾಲಾ ಬಸ್ಸಿನ ಕೆಲಸ. ಹದಿನಾಲ್ಕು ವರ್ಷ ಮಂಗಳೂರು ರಸ್ತೆಯಲ್ಲಿ ಓಡಿಸಿದ್ದೆ. ಹಿಂದಿನ ಬಸ್ಸು ಮುಂದೆ ಹೋದರೆ ಪ್ಯಾಸೆಂಜರೆಲ್ಲ ಅವನಿಗೆ. ಎರಡು ನಿಮಿಷ ತಡವಾದರೆ ಸ್ಟ್ಯಾಂಡಿನಲ್ಲಿ ಬೈಗುಳ. “ನೀವು ಬಾಗಿಲು ದಾಟಿ ಒಳಗೆ ಬರುವವರೆಗೆ ನನಗೆ ತುತ್ತು ಇಳಿಯುವುದಿಲ್ಲ,” ಎಂದು ಹೆಂಡತಿ ಅತ್ತಿದ್ದಳು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಮೇಡಂ ಒಪ್ಪಿದರೆ ಮಾತ್ರ ಎಂದು ಶಾಲೆಯವರು ಖಡಾಖಂಡಿತ ಹೇಳಿದ್ದರು.

ನಾವು ಏಳು ಮಂದಿ ಡ್ರೈವರುಗಳು ಸಾಲಾಗಿ ಕೂತೆವು. “ಸಮಯದ ಲೆಕ್ಕ ಇಲ್ಲ. ಓದಿ, ಯೋಚನೆ ಮಾಡಿ, ಆಮೇಲೆ ಬರೆಯಿರಿ,” ಎಂದರು ಮೇಡಂ. ಅದು ನನ್ನ ಕಿವಿಗೇ ಬೀಳಲಿಲ್ಲ. ಮೊದಲು ಮುಟ್ಟಿದವನು ಗೆದ್ದ, ನನಗೆ ಗೊತ್ತಿದ್ದದ್ದು ಅಷ್ಟೇ. ಉಳಿದವರು ಎರಡನೇ ಹಾಳೆಯಲ್ಲಿರುವಾಗ ನಾನು ಎಲ್ಲ ಮುಗಿಸಿ, ಸ್ಟ್ಯಾಂಡಿಗೆ ಮೊದಲು ಬಸ್ ತಂದವನ ಗತ್ತಿನಲ್ಲಿ ಎದ್ದು ನಿಂತಿದ್ದೆ.

“ಎಂತ ಅವಸರ ಉಂಟು ನಿಮಗೆ?”

“ಅವಸರ ಎಂತ ಇಲ್ಲ ಮೇಡಂ. ಮುಗೀತು.”

ಅವರು ಹಾಳೆ ತಿರುವಿದರು. “‘ನನಗೆ ಸಿಟ್ಟು ಬರುವುದೇ ಇಲ್ಲ’ ಎನ್ನುವುದಕ್ಕೆ ‘ಹೌದು’ ಅಂತ ಬರೆದಿದ್ದೀರಿ. ಈ ಹೈವೇಯಲ್ಲಿ ಸಿಟ್ಟು ಬಾರದ ಡ್ರೈವರ್ ಇದ್ದರೆ ಅವನಿಗೊಂದು ಗುಡಿ ಕಟ್ಟಬೇಕು ಶೇಖರ್.”

ಆರೂ ಮಂದಿ ಗೊಳ್ಳೆಂದು ನಕ್ಕರು. ವರದಿಯಲ್ಲಿ ನನ್ನ ಹೆಸರಿನ ಮುಂದೆ ‘ಸದ್ಯಕ್ಕೆ ಬೇಡ’ ಎಂದಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಮರುದಿನವೇ ಮೆಟ್ಟಿಲು ಹತ್ತಿ ಹೋಗಿ ಕೂಗಾಡಿದೆ. “ಬಸ್ಸನ್ನು ಹಾಳೆಯ ಮೇಲೆ ಓಡಿಸ್ತಾರಾ ಮೇಡಂ? ಸ್ಟೇರಿಂಗ್ ಹಿಡಿದಾಗ ಬಂದು ನೋಡಿ!”

“ಸರಿ, ನೋಡುವ,” ಎಂದರು, ಪೆನ್ಸಿಲ್ ಹೆರೆಯುತ್ತಲೇ.

ಮೂರನೇ ದಿನ ಸಂತೆಕಟ್ಟೆಯಲ್ಲಿ ಬಸ್ ನಿಲ್ಲಿಸಿದಾಗ ಭಾರತಿ ಮೇಡಂ ಹತ್ತಿದರು. ಕಾಪುವಿಗೆ ಟಿಕೆಟ್ ತೆಗೆದು ನನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂತರು. ಇವತ್ತು ದೇವರಂತೆ ಓಡಿಸಬೇಕು ಎಂದುಕೊಂಡೆ. ಉಡುಪಿ ದಾಟುವವರೆಗೆ ಹಾಗೇ ಓಡಿಸಿದೆ. ಕಟಪಾಡಿ ಕಳೆಯುತ್ತಲೇ ಕನ್ನಡಿಯಲ್ಲಿ ಹಿಂದಿನ ಬಸ್ಸು ಕಾಣಿಸಿತು. ಅವನು ಹಾರ್ನ್ ಒತ್ತಿದ. ನನ್ನ ಕಂಡಕ್ಟರ್ ಬಾಗಿಲು ಬಡಿದು, “ಆಯೆ ಬತ್ತೆ, ಪೋಯಿ ಪೋಯಿ!” ಎಂದು ತುಳುವಿನಲ್ಲಿ ಕಿರುಚಿದ. ಅವನು ಬಂದ, ಬಿಡು ಬೇಗ ಎಂದು. ಹಿಂದೆ ಯಾರು ಕೂತಿದ್ದಾರೆಂಬುದು ನನಗೆ ಮರೆತೇಹೋಯಿತು. ಮುಂದಿದ್ದ ಟ್ಯಾಂಕರನ್ನು ಎಡಗಡೆಯಿಂದ ಹಿಂದೆ ಹಾಕಿದೆ. ಎದುರಿನಿಂದ, ತಪ್ಪು ದಾರಿಯಲ್ಲಿ, ಒಂದು ಸ್ಕೂಟರ್!

ಬ್ರೇಕಿಗೆ ಬಸ್ಸಿಡೀ ಕಿರುಚಿತು. ಸ್ಕೂಟರಿನವನು ಮಣ್ಣಿಗೆ ಇಳಿದು ಬಿದ್ದ, ಎದ್ದ, ನನ್ನ ವಂಶವನ್ನೆಲ್ಲ ಬೈದ. ಯಾರಿಗೂ ಏನೂ ಆಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಮೇಡಂ ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದರು. ಕನ್ನಡಕ ಕೆಳಗೆ ಬಿದ್ದಿತ್ತು.

ಕಾಪುವಿನಲ್ಲಿ ಇಳಿದು ಅವರು ನನ್ನ ಕಿಟಕಿಯ ಬಳಿ ಬಂದರು. ಕನ್ನಡಕ ಇನ್ನೂ ಕೈಯಲ್ಲೇ ಇತ್ತು. “ನನ್ನ ವರದಿ ತಪ್ಪಿರಬಹುದು, ಬದಲಿಸುವ ಅಂತ ಬಂದದ್ದು ಶೇಖರ್. ಬದಲಿಸುವುದಿಲ್ಲ.” ಎರಡು ಹೆಜ್ಜೆ ಹೋದವರು ತಿರುಗಿದರು. “‘ಸದ್ಯಕ್ಕೆ’ ಅಂತ ಬರೆದದ್ದು ಸುಮ್ಮನೆ ಅಲ್ಲ. ಮತ್ತೆ ಬನ್ನಿ.”

ಆ ರಾತ್ರಿ ಅವರನ್ನು ಬಾಯಿಗೆ ಬಂದಂತೆ ಬೈದೆ. ಬೆಳಿಗ್ಗೆ ಎದ್ದು ಬಸ್ಸಿನ ಮಾಲೀಕರಿಗೆ ಕೆಲಸ ಬಿಟ್ಟೆ ಎಂದೆ. ಒಂದು ವರ್ಷ ನೀರಿನ ಕ್ಯಾನ್ ಸಾಗಿಸುವ ಟೆಂಪೋ ಓಡಿಸಿದೆ. ತಿಂಗಳಿಗೊಮ್ಮೆ ಆ ಮಹಡಿ ಹತ್ತುತ್ತಿದ್ದೆ. ಪ್ರತಿ ಸಲವೂ ಅವರ ಪ್ರಶ್ನೆ ಒಂದೇ: “ಯಾರ ಮೇಲೆ ಸಿಟ್ಟು ಬಂತು? ಎಂತ ಮಾಡಿದಿರಿ?” ಮೊದಮೊದಲು, “ಯಾರ ಮೇಲೂ ಇಲ್ಲ,” ಎನ್ನುತ್ತಿದ್ದೆ. “ಹಾಗಾದರೆ ಗುಡಿಗೆ ಜಾಗ ನೋಡುವ,” ಎನ್ನುತ್ತಿದ್ದರು. ಆಮೇಲೆ ಹೇಳಲು ಕಲಿತೆ.

ಮತ್ತೆ ಪರೀಕ್ಷೆಗೆ ಕೂತಾಗ ಕೊನೆಗೆ ಎದ್ದವನು ನಾನು. ಮೇಡಂ ಕಾಗದ ತೆಗೆದುಕೊಂಡು ಕೇಳಿದರು, “ಈಗ ಗಂಟೆ ಎಷ್ಟಾಗಿರಬಹುದು?”

“ಗೊತ್ತಿಲ್ಲ ಮೇಡಂ.”

ಅಂದೇ ಶಾಲೆಗೆ ಕೊಡುವ ವರದಿಗೆ ಸಹಿ ಹಾಕಿದರು.

ಕಳೆದ ವರ್ಷ, ಶಾಲೆ ಬಿಡುವ ಹೊತ್ತಿಗೆ ಸುದ್ದಿ ಬಂತು: ಭಾರತಿ ಮೇಡಂ ತೀರಿಕೊಂಡರು, ಕಲ್ಯಾಣಪುರದ ಮನೆಯಿಂದ ಐದು ಗಂಟೆಗೆ ಶವ ತೆಗೆಯುತ್ತಾರೆ. ನನ್ನ ಶಾಲಾ ಬಸ್ಸಿನಲ್ಲಿ ಕಾಪುವಿನವರೆಗಿನ ಮಕ್ಕಳು. ಮಕ್ಕಳನ್ನು ಇಳಿಸುವ ಲಲಿತಕ್ಕ ಅಂದಳು, “ಸ್ವಲ್ಪ ಬೇಗ ಬಿಡಿ ಮಾರಾಯ್ರೇ. ಮುಖ ಆದರೂ ನೋಡಬಹುದು.” ಆಕ್ಸಿಲರೇಟರ್ ಒತ್ತಲು ನನ್ನ ಕಾಲು ಹಾತೊರೆಯಿತು. ಒತ್ತಲಿಲ್ಲ. ಒಂದೊಂದೇ ನಿಲ್ದಾಣದಲ್ಲಿ ನಿಲ್ಲಿಸಿ, ಒಂದೊಂದೇ ಮಗು ಗೇಟು ದಾಟುವುದನ್ನು ನೋಡಿ ಹೊರಟೆ. ಕಣ್ಣು ಮಂಜಾದಾಗ ಬದಿಗೆ ನಿಲ್ಲಿಸಿ ಒರೆಸಿಕೊಂಡೆ.

ನಾನು ಕಲ್ಯಾಣಪುರ ಮುಟ್ಟುವಾಗ ಅಂಗಳ ತೊಳೆಯುತ್ತಿದ್ದರು. ನನ್ನ ಬಗ್ಗೆ ಮೇಡಂ ಹೇಳಿದ್ದರೋ ಏನೋ, ಅವರ ತಂಗಿ ಖಾಕಿ ನೋಡಿಯೇ ಗುರುತು ಹಿಡಿದರು. “ಶೇಖರ್ ಅಲ್ವಾ? ಎಂತ, ಇಷ್ಟು ತಡ ಮಾಡಿಬಿಟ್ಟಿರಿ?”

“ಬಸ್ಸಿನಲ್ಲಿ ಮಕ್ಕಳಿದ್ದರು ಅಮ್ಮ,” ಎಂದೆ.