ಕಣ ಕಾಯಲು ನಾಯಿ ಬೇಕಂತೆ!

“ಕಾಫಿ ಪಿಕ್ಕಿಂಗ್ ಶುರುವಾಯ್ತು ಮೇಡಂ, ಕಣ ಕಾಯೋಕೆ ಒಂದು ನಾಯಿ ಬೇಕಿತ್ತು. ಹೋದ ವರ್ಷದ್ದು ಚೈನ್ ಸಮೇತ ಓಡಿಹೋಯ್ತು, ನಿಯತ್ತಿಲ್ಲದ್ದು!” ಎಂದರು, ಗೋಣಿಕೊಪ್ಪಲಿನ ನಮ್ಮ ಮನೆಗೆ ಬಂದ ತೋಟದ ಮಾಲೀಕರು. ಹಿಂಸೆಗೆ ಸಿಕ್ಕ ನಾಯಿಗಳನ್ನು ತಂದು, ಆರೈಕೆ ಮಾಡಿ, ಸಾಕುವವರಿಗೆ ಕೊಡುವವಳು ನಾನು.

ಅವರ ದನಿ ಕೇಳಿದ್ದೇ ತಡ, ಕರಿಯ ನನ್ನ ಕಾಲ ಹಿಂದೆ ಮುದುಡಿಕೊಂಡ. ‘ಓಡಿಹೋದ’ ನಾಯಿ ಅವನೇ. ಕಾಫಿ ಒಣಗುವಷ್ಟು ದಿನ ಅವನನ್ನು ಕಣದಲ್ಲಿ ಕಟ್ಟಿಹಾಕಿದ್ದ ಈ ಮಹಾಶಯರು, ಮೂಟೆಗಳು ಲಾರಿ ಹತ್ತಿದ ಮೇಲೆ ಬಿಚ್ಚುವುದನ್ನೇ ಮರೆತಿದ್ದರು. ಬರೀ ಎಲುಬಾಗಿ ಬಿದ್ದಿದ್ದವನನ್ನು, ಕುತ್ತಿಗೆಯ ಮಾಂಸದಲ್ಲಿ ಹೂತಿದ್ದ ಸರಪಳಿಯ ಸಮೇತ ಎತ್ತಿ ತಂದವಳು ನಾನೇ.

ಈಗ ಮೈತುಂಬಿಕೊಂಡಿದ್ದ ಕರಿಯನನ್ನು ಅವರು ಬಗ್ಗಿ ನೋಡಿದರು. “ಇದು ಆಗಬಹುದು. ಆದ್ರೆ ಕುತ್ತಿಗೆ ಸುತ್ತ ಕೂದಲೇ ಇಲ್ವಲ್ಲ, ಏನಾದ್ರೂ ಕಾಯಿಲೆನಾ?”

ನಾನು ಒಳಗೆ ಹೋಗಿ, ಎತ್ತಿಟ್ಟಿದ್ದ ಸರಪಳಿಯನ್ನು ತಂದು ಅವರ ಕೈಗಿಟ್ಟೆ.

“ಅರೆ, ಇದು ನಮ್ಮ ಚೈನ್ ಅಲ್ವಾ!” ಅವರ ಮುಖ ಅರಳಿತು.

ನಾಯಿ ಕೊಡುವುದಿಲ್ಲ ಎಂದೆ. ಸರಪಳಿಯನ್ನು ಜೋಪಾನವಾಗಿ ಸುತ್ತಿ ಜೀಪಿಗೆ ಹಾಕಿಕೊಂಡು ಹೋದರು. ತಮ್ಮ ಕಾಫಿ ಕಾದವನ ಗುರುತು ಸಿಗದ ಆ ಮನುಷ್ಯನಿಗೆ ಕಬ್ಬಿಣದ ಗುರುತು ಮಾತ್ರ ಥಟ್ಟನೆ ಸಿಕ್ಕಿತ್ತು.