ಅಕ್ಕನ ಹಿಡಿಕೆ, ನನ್ನ ಲಿವರು

ಒಂದು ಮಾತು ಹೇಳಬೇಕಿತ್ತು, ನಾನು ಹೇಳಲಿಲ್ಲ. ‘ಇದನ್ನು ತುಂಬಿದವನು ನಾನು’ ಅನ್ನುವಷ್ಟೇ ಮಾತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಆದರೆ ಅಷ್ಟು ಹೇಳಲು ಯಾವ ಇಯತ್ತೆಯೂ ಬೇಕಿರಲಿಲ್ಲ. ಅದು ಹೇಗೆ ಬಾಯಲ್ಲೇ ಉಳಿಯಿತು ಎಂದು ತಿಳಿಯಬೇಕಾದರೆ ಮೊದಲು ಬಂದೂಕಿನ ಕಾಡತೂಸು ತುಂಬುವ ಯಂತ್ರಗಳ ವಿಷಯ ಹೇಳಬೇಕು. ತಪ್ಪು ಒಪ್ಪಿಕೊಳ್ಳುವುದನ್ನು ಮುಂದೂಡಲು ಇದೊಂದು ನೆಪ ಎಂದು ನಿಮಗೆ ಅನ್ನಿಸಿದರೆ, ನಾನು ಇಲ್ಲವೆನ್ನುವುದಿಲ್ಲ.

ವಿಜಾಪುರದಲ್ಲಿ ನಮ್ಮದು ಬಂದೂಕು ರಿಪೇರಿಯ ಅಂಗಡಿ, ಹಿಂದೆಯೇ ಮನೆ. ಅಪ್ಪ ತೀರಿಕೊಂಡ ಮೇಲೆ ಲೈಸನ್ಸು ನನ್ನ ಹೆಸರಿಗೆ ಬಂತು, ಕೆಲಸ ಅಕ್ಕನ ಪಾಲಿಗೆ ಹೋಯಿತು. ಅಕ್ಕ ಗಂಗವ್ವ ತಿಕೋಟಾಕ್ಕೆ ಮದುವೆಯಾಗಿ ಹೋಗಿದ್ದವಳು, ಗಂಡ ಸತ್ತ ಮೇಲೆ ತವರಿಗೆ ಮರಳಿದ್ದಳು. ಆಗೆಲ್ಲ ಹೊಸ ಕಾಡತೂಸು ಸುಲಭಕ್ಕೆ ಸಿಗುತ್ತಿರಲಿಲ್ಲ. ಬಬಲೇಶ್ವರ, ನಿಡೋಣಿ, ಅರಕೇರಿ ಕಡೆಯ ರೈತರು ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳ ಮೇಲೆ ಹಾರಿಸಿ, ಖಾಲಿಯಾದ ಕಾಗದದ ಕೊಳವೆಗಳನ್ನು ಕೈಚೀಲದಲ್ಲಿ ತರುತ್ತಿದ್ದರು. ಅವುಗಳ ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಮೇಲೊಂದು ರಟ್ಟಿನ ಬಿಲ್ಲೆ ಇಟ್ಟು, ಸೀಸದ ಕಾಳು ಸುರಿದು, ಬಾಯಿ ಮುಚ್ಚಿ ಕೊಡುವುದು ನಮ್ಮ ಕಸುಬು.

ಅಜ್ಜನ ಕಾಲಕ್ಕೆ ಇದಕ್ಕೊಂದು ಕಟ್ಟಿಗೆಯ ಗೂಟ, ಒಂದು ಕೊಡತಿ ಇದ್ದವಂತೆ. ಒಂದು ಕಾಡತೂಸಿಗೂ ಇನ್ನೊಂದಕ್ಕೂ ನಡುವೆ ಅಜ್ಜ ಎಲೆ ಅಡಿಕೆ ಹಾಕಿಕೊಂಡು ಊರ ಸುದ್ದಿ ಮುಗಿಸುತ್ತಿದ್ದನೆಂದು ಅಪ್ಪ ಹೇಳುತ್ತಿದ್ದ. ಅಪ್ಪ ಮೇಜಿನ ಅಂಚಿಗೆ ಬಿಗಿಯುವ ಹಿಡಿಕೆಯ ಯಂತ್ರ ತಂದ. ಹಿಡಿಕೆ ತಿರುಗಿಸಿದರೆ ಕೊಳವೆಯ ಬಾಯಿ ದುಂಡಗೆ ಒಳಕ್ಕೆ ಸುರುಳಿಯಾಗುತ್ತಿತ್ತು. ಗಿರಾಕಿಗಳಿಗೆ ಕಾಣದ ಒಳಕೋಣೆಯಲ್ಲಿ ಅಕ್ಕ ಕೂತದ್ದು ಅದರ ಮುಂದೆ. ನಾನು ಸೊಲ್ಲಾಪುರದಿಂದ ಹಳೆಯದೊಂದು ಲಿವರು ಪ್ರೆಸ್ಸು ತಂದು ಅದರ ಪಕ್ಕಕ್ಕೇ ಇಟ್ಟೆ. ಒಂದು ಸಲ ಎಳೆದರೆ ಮೇಲಿನ ಡಬ್ಬಿಯಿಂದ ಮದ್ದು, ಇನ್ನೊಂದಕ್ಕೆ ಬಿಲ್ಲೆ, ಆಮೇಲೆ ಕಾಳು. ಕೊನೆಗೆ ಬಾಯಿ ತಾನೇ ಹೂವಿನ ಮೊಗ್ಗಿನಂತೆ ಮಡಚಿಕೊಳ್ಳುತ್ತಿತ್ತು. ಅಕ್ಕ ಒಂದು ಮುಗಿಸುವಷ್ಟರಲ್ಲಿ ನನ್ನ ಬುಟ್ಟಿಯ ತಳ ಮುಚ್ಚಿರುತ್ತಿತ್ತು.

ಅಕ್ಕನಿಗೆ ಒಂದು ರೂಢಿ. ಮದ್ದು ಹಾಕಿದ ಮೇಲೆ, ಬಿಲ್ಲೆ ಇಡುವ ಮೊದಲು, ಪ್ರತಿ ಕೊಳವೆಯನ್ನೂ ಕಿಟಕಿಯ ಬೆಳಕಿಗೆ ಓರೆ ಮಾಡಿ ಒಳಗೆ ಇಣುಕುತ್ತಿದ್ದಳು. ನನಗೆ ಅದು ದೊಡ್ಡ ತಮಾಷೆ.

“ಏನ್ ಬೇ ಅಕ್ಕಾ, ನೀ ಒಂದು ತುಂಬೂದ್ರಾಗ ಹಂದಿ ಹೊಲ ಮೇದು, ನೀರು ಕುಡದು, ಮಕ್ಕೊಂತಾವ.”

“ಮಕ್ಕೊಳ್ಳಿ ಬಿಡೋ. ಮಕ್ಕೊಂಡ ಹಂದಿ ಹೊಡ್ಯಾಕ ಸಸಾರ,” ಎಂದು ನಗುತ್ತಿದ್ದಳು. ಮತ್ತೆ, “ನಿನ್ನ ಯಂತ್ರಕ್ಕ ಕಣ್ಣಿಲ್ಲೋ ತಮ್ಮಾ,” ಅನ್ನುವಳು.

“ಕೈ ಐತಲ್ಲ, ಸಾಕು,” ಅನ್ನುತ್ತಿದ್ದೆ ನಾನು.

ವೇಗಕ್ಕೆ ಒಂದು ಅಮಲಿದೆ. ಜೋರಾಗಿ ರೊಟ್ಟಿ ಬಡಿಯುವ ಹೆಂಗಸಿಗೂ, ಸರಸರ ಕತ್ತರಿ ಆಡಿಸುವ ಸಿಂಪಿಗನಿಗೂ ಅದು ಗೊತ್ತು. ಕೈ ಮುಂದೆ ಓಡುತ್ತದೆ, ಮನಸ್ಸು ಹಿಂದೆ ಕೂತು ಚಪ್ಪಾಳೆ ತಟ್ಟುತ್ತದೆ. ಒಂದು ಮಳೆಗಾಲ ಅಂಗಡಿಯ ತುಂಬ ಗಿರಾಕಿಗಳಿದ್ದಾಗ ನನ್ನ ಲಿವರು ಇದ್ದಕ್ಕಿದ್ದಂತೆ ಹಗುರಾದದ್ದು ಕೈಗೆ ತಿಳಿಯಿತು. ತೇವದ ಹವೆಗೆ ಮದ್ದು ಗಂಟುಗಟ್ಟಿ ಡಬ್ಬಿಯ ಕೊರಳಲ್ಲಿ ನಿಂತಿತ್ತು. ಡಬ್ಬಿಗೆ ಒಂದು ಏಟು ಕೊಟ್ಟೆ, ಮದ್ದು ಇಳಿಯಿತು, ಕೆಲಸ ಮುಂದುವರಿಯಿತು. ಅದಕ್ಕೂ ಮೊದಲು ಮದ್ದಿಲ್ಲದೆ ಖಾಲಿ ಹೋದವು ಆಗಲೇ ಬುಟ್ಟಿಯಲ್ಲಿ ಬೆರೆತಿದ್ದವು. ಬುಟ್ಟಿ ಸುರುವಿ ಎಲ್ಲ ಬಿಚ್ಚಿ ನೋಡಬೇಕಿತ್ತು. ಗಿರಾಕಿ ಬಬಲೇಶ್ವರದ ಬಸ್ಸು ತಪ್ಪುತ್ತದೆಂದು ಅಂಗಡಿಯ ಬಾಗಿಲಲ್ಲಿ ಕುಣಿಯುತ್ತಿದ್ದ. ಕಟ್ಟಿ ಕೊಟ್ಟೆ.

ಆ ಗಿರಾಕಿ ನಿಡೋಣಿಯ ಮಲ್ಲಪ್ಪ. ಮತ್ತೆ ಬಂದಾಗ ಅವನ ಎಡಗೈ ಪೂರ್ತಿ ಬಟ್ಟೆಯಲ್ಲಿ ಸುತ್ತಿತ್ತು. ಜೊತೆಗೆ ಅವನ ಕಾಕಾ, ಕಾಕಾನ ಹೆಗಲ ಮೇಲೆ ಸೀಳಿದ ಬಂದೂಕು.

“ಮೊದಲನೇದು ಪುಸ್ ಅಂತ್ರಿ,” ಎಂದ ಕಾಕಾ. “ಬರೇ ಕೇಪ್ ಹಾರೇತಿ ಅಂತ ತಿಳದು ಇವ ಎರಡನೇದು ಹಾಕಿ ಹೊಡದಾನ. ನಳಿಗಿ ಸೀಳಿ ಬೆರಳು ಹೋದುವು.”

ಮದ್ದಿಲ್ಲದ ಕಾಡತೂಸಿನ ಕಾಳು ಹೊರಗೆ ಹಾರದೆ ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಎರಡನೆಯ ಗುಂಡಿಗೆ ದಾರಿ ಇರಲಿಲ್ಲ. ಅವನು ಹೇಳಿ ಮುಗಿಸುವ ಮೊದಲೇ ನನಗೆ ಎಲ್ಲ ತಿಳಿದಿತ್ತು.

“ತುಂಬಿದಾವ್ರು ಯಾರ್ರಿ? ಒಳಗ ನಿಮ್ಮಕ್ಕ ತುಂಬತಾಳಂತಲ್ಲ? ಹೆಂಗಸರ ಕೈಯಾಗ ಮದ್ದು ಕೊಟ್ರ ಇನ್ನೇನಾಗ್ತೈತ್ರಿ!”

ನಾನು ನೆಲ ನೋಡಿದೆ. ಲೈಸನ್ಸು ಹೋದರೆ ಇಬ್ಬರೂ ಉಪವಾಸ ಎಂದು ನನಗೆ ನಾನೇ ಹೇಳಿಕೊಂಡೆ. ಕಾಕಾ ಆ ಪುಸ್ ಎಂದ ಕೊಳವೆಯನ್ನು ಅಂಗಡಿಯ ಮೇಜಿನ ಮೇಲಿಟ್ಟ. ಅದರ ಬಾಯಲ್ಲಿ ಮೊಗ್ಗು ಅರಳಿದಂತೆ ಮಡಿಕೆಯ ಗೆರೆಗಳಿದ್ದವು. ಅಕ್ಕನದಾಗಿದ್ದರೆ ಸುರುಳಿ ಬಿಚ್ಚಿದ ದುಂಡನೆಯ ಗುರುತಿರಬೇಕಿತ್ತು. ಅದು ಯಾರ ಕೈಯದೆಂದು ನೋಡಿದೊಡನೆ ಹೇಳಬಲ್ಲವರು ಇಡೀ ಊರಿನಲ್ಲಿ ಇಬ್ಬರೇ. ಒಬ್ಬನು ನೆಲ ನೋಡುತ್ತಿದ್ದ. ಇನ್ನೊಬ್ಬಳು ಒಳಬಾಗಿಲಿನಿಂದ ಬಂದು, ಅದನ್ನು ಎತ್ತಿ ನೋಡಿ, ಇದ್ದಲ್ಲೇ ಇಟ್ಟು, ನನ್ನತ್ತ ಒಮ್ಮೆ ತಿರುಗಿ ಒಳಗೆ ಹೋದಳು.

ಅವತ್ತೇ ಸಂಜೆ ಅಕ್ಕ ಮೇಜಿನಿಂದ ಅಪ್ಪನ ಯಂತ್ರ ಬಿಚ್ಚಿದಳು. “ಇನ್ನ ಮ್ಯಾಲೆ ರೊಟ್ಟಿ ಅಷ್ಟ ಬಡೀತೇನಿ ತಗೋ. ರೊಟ್ಟಿಗೆ ಯಾರೂ ತಪ್ಪ ಹುಡುಕಿ ಹೆಸರಿಡೂದಿಲ್ಲ,” ಎಂದಳು. ಅವಳು ನನ್ನನ್ನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಅಕ್ಕ ಬಿಟ್ಟದ್ದು ತಿಳಿಯದ ಗಿರಾಕಿಗಳು ಆಮೇಲೂ “ನಿಮ್ಮ ಯಂತ್ರದ್ದ ಕೊಡ್ರಿ, ಅಕ್ಕಾರು ತುಂಬಿದ್ದು ಬ್ಯಾಡ” ಎಂದು ಕೇಳಿ ಪಡೆಯುತ್ತಿದ್ದರು. ನಾನು ಲಿವರು ಒಮ್ಮೆ ಎಳೆದು, ಕೊಳವೆ ಹೊರತೆಗೆದು, ಬೆಳಕಿಗೆ ಹಿಡಿದು ಇಣುಕಿ, ಮತ್ತೆ ಒಳಗಿಡುತ್ತಿದ್ದೆ. ಸೊಲ್ಲಾಪುರದ ಆ ಚುರುಕು ಪ್ರೆಸ್ಸು ಅಪ್ಪನ ಹಿಡಿಕೆಗಿಂತಲೂ ನಿಧಾನವಾಯಿತು. ಅದನ್ನು ಯಾರೂ ಗಮನಿಸಲಿಲ್ಲ. ನನ್ನ ಹೆಸರು ಮಾತ್ರ ಬೆಳೆಯಿತು.

ವರ್ಷಗಳು ಹೋದವು. ಮಲ್ಲಪ್ಪ ಒಳ್ಳೆಯ ಮನುಷ್ಯ, ಸಿಟ್ಟು ಇಟ್ಟುಕೊಳ್ಳಲಿಲ್ಲ. ಸಂತೆಗೆ ಬಂದಾಗಲೆಲ್ಲ ಅಂಗಡಿಯಲ್ಲಿ ಕೂತು ಹರಟೆ ಹೊಡೆದು ಹೋಗುತ್ತಿದ್ದ. ಹಾಗೆ ಒಂದು ರವಿವಾರ ಅಕ್ಕ ಚಹಾ ತಂದುಕೊಟ್ಟಳು. ಅವನು ಉಳಿದ ಬೆರಳುಗಳಲ್ಲಿ ಕಪ್ಪು ಹಿಡಿದು, ಪ್ರೀತಿಯಿಂದಲೇ, “ಚಾ ಮಾತ್ರ ಛಲೋ ಮಾಡ್ತಿ ನೋಡ್ ಯವ್ವಾ. ಮದ್ದಿನ ತಂಟೇಕ ಹೋಗಬ್ಯಾಡ,” ಎಂದ. ಕೂತವರೆಲ್ಲ ನಕ್ಕರು. ಅಕ್ಕನೂ ನಕ್ಕಳು.

ಅವಳು ಅತ್ತಿದ್ದರೆ ನಾನು ಬಹುಶಃ ಇನ್ನೊಂದಿಷ್ಟು ವರ್ಷ ತಡೆದುಕೊಳ್ಳುತ್ತಿದ್ದೆನೇನೋ. ಆ ನಗೆಯನ್ನು ತಡೆಯಲಾಗಲಿಲ್ಲ.

“ಮಲ್ಲಪ್ಪಾ, ಅದನ್ನ ತುಂಬಿದಾವ ನಾ. ನನ್ನ ಯಂತ್ರದ್ದು ಅದು. ಅಕ್ಕ ಅದನ್ನ ಮುಟ್ಟಿರಲಿಲ್ಲ. ನಿನ್ನ ಬೆರಳು ಕಳದಾವ ನಾ.”

ಮಲ್ಲಪ್ಪ ನನ್ನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದ. “ಹೌದೇನ ಯವ್ವಾ?”

“ಚಾ ಆರತೈತಿ, ಕುಡೀರಿ,” ಎಂದಳು ಅಕ್ಕ. ಆಗಲೂ ನನ್ನನ್ನು ಕಾಯುವುದೇ ಅವಳ ಆಲೋಚನೆ.

ಅಕ್ಕನಿಗೆ ಹೇಳಬೇಕಾದ ಮಾತನ್ನು ಇಷ್ಟು ವರ್ಷ ಮನಸ್ಸಿನಲ್ಲೇ ಹೊಸೆದು ಹೊಸೆದು ಬಹಳ ಉದ್ದ ಮಾಡಿಟ್ಟಿದ್ದೆ. ನಿಜವಾಗಿ ಬಾಯಿಗೆ ಬಂದಾಗ ಅದು ತೀರ ಗಿಡ್ಡವಾಗಿತ್ತು. ಎಲ್ಲರ ಮುಂದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

“ಅಕ್ಕಾ, ಅವತ್ತು ಅವರು ನಿನಗ ಅಂದಾಗ ನಾ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನನ್ನದು ತಪ್ಪಾತು ಬೇ.”